ತೋಳದ ಹೆಸರು ಹೇಳದವರು

ಸ್ವೀಡನ್ನಿನ ಸಿಗ್ರಿದ್ ತುಂಗಭದ್ರೆಯ ದಂಡೆಯ ಆಶ್ರಮಕ್ಕೆ ಬಂದದ್ದು ಶಬ್ದಗಳ ಹುಚ್ಚು ಹಿಡಿದು. ಹೊಸ ಮಾತೊಂದು ಕಿವಿಗೆ ಬಿದ್ದರೆ ಮುಗಿಯಿತು, ಅದರ ಹುಟ್ಟು ತಿಳಿಯುವ ತನಕ ಗುರುಪಾದಯ್ಯನವರ ತಲೆ ತಿನ್ನುತ್ತಿದ್ದಳು. ಗುರುಗಳಿಗೂ ಅದು ಬೇಕಾಗಿತ್ತೆನ್ನಿ.

ಒಂದು ಸಂಜೆ ಊಟದ ಹೊತ್ತಿಗೆ ಓಡುತ್ತ ಬಂದಳು.

“ಅಜ್ಜಾರ, ಇಲ್ಲಿ ಕುರಿಗಾರರು ಹೊತ್ತು ಮುಳುಗಿದ ಮ್ಯಾಲೆ ತೋಳ ಅನ್ನೂದಿಲ್ಲ. ‘ಅದು’ ಅಂತಾರ. ಹೆಸರು ಹಿಡಿದ್ರ ಬರ್ತೈತಂತ.”

“ಹೌದವ್ವ. ನಿಮ್ಮ ಕಡೆ ಹೆಂಗ?”

“ಹಿಂಗ ಅಜ್ಜಾರ. ತೋಳಕ್ಕ ನಮ್ಮ ಹಳೇ ಹೆಸರು ಉಲ್ವ್. ಹಂಗನ್ನಾಕ ಅಂಜಿ ‘ವರ್ಯ್’ ಅಂದ್ರು. ಈಗ ಅದ ಹೆಸರಾಗೇತಿ.”

“ವರ್ಯ್ ಅಂದ್ರ?”

“ಹಿಂದಕ ಊರು ಬಿಡಿಸಿದ ಮನುಷ್ಯಾಗ ಹಂಗ ಅಂತಿದ್ರು. ಅಂವಗ ಯಾರೂ ಅನ್ನ ಹಾಕಂಗಿಲ್ಲ. ಕೊಂದ್ರೂ ಕೇಳವರಿಲ್ಲ.”

ಗುರುಗಳು ಕುಳಿತಲ್ಲೇ ಮುಂದಕ್ಕೆ ಸರಿದರು. “ಹಂಗಾದ್ರ ಮೃಗದ ಹೆಸರು ಮನುಷ್ಯಾಗ ಬಂತೋ, ಮನುಷ್ಯಾಂದು ಮೃಗಕ್ಕ ಹೋತೋ?”

“ಅದ ತಿಳೀವಲ್ದು. ಅದಕ್ಕ ಹೊರಗ ಕುಂತಾನಲ್ಲ, ಅಂವನ್ನ ಕೇಳಿ ಬಂದೆ.”

ಬಾಗಿಲಾಚೆ ಬೇವಿನ ಮರದಡಿ ಒಬ್ಬ ಕುರಿಗಾರ ಮುಂಜಾನೆಯಿಂದ ಕುಳಿತಿದ್ದ. ಕುರಿ ಕದ್ದನೆಂದು ಹಟ್ಟಿಯವರು ಅವನನ್ನು ಹೊರಗೆ ಹಾಕಿದ್ದರು. ಅವನ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ, ಬರೀ ‘ಅಂವ’ ಎನ್ನುತ್ತಿದ್ದರು. ಆಶ್ರಮದವರೂ ಕರೆಯದಿದ್ದರೆ ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ.

“ಏನ್ ಕೇಳಿದಿ?”

“ಮಂದಿ ನಿನಗ ‘ಅಂವ’ ಅಂದಾಗ ತೋಳ ಆದಂಗ ಅನಸ್ತೈತೇನು ಅಂತ.”

“ಏನಂದ?”

“ತೆಲಿ ತಗ್ಗಿಸಿದ.”

ಗುರುಗಳಿಗೆ ಕಸಿವಿಸಿಯಾಯಿತು. ಕೇಳಿದರು: “ಅವನ ಹೆಸರೇನು?”

ಎರಡು ಸೀಮೆಯ ತೋಳಗಳ ಜಾತಕ ಬಿಡಿಸಿದ ಸಿಗ್ರಿದ್ ಅದೊಂದನ್ನು ಕೇಳಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಕೆಂಪಾದವು.

“ಅಜ್ಜಾರ, ಅಂವ ಕದ್ದದ್ದು ಖರೇ ಏನು?”

“ನನಗೂ ಗೊತ್ತಿಲ್ಲವ್ವ.”

ಗುರುಗಳು ಎದ್ದು ತಮ್ಮ ತಾಟಿನ ಪಕ್ಕದಲ್ಲಿ ಇನ್ನೊಂದು ತಾಟು ಇಟ್ಟರು. ಹಟ್ಟಿಯ ಕಡೆ ಹೊರಟಿದ್ದ ಕುರಿಗಾರರು ಹಾದಿಯಲ್ಲಿ ನಿಂತು ನೋಡುತ್ತಿದ್ದರು. ಅವರೆಲ್ಲರಿಗೂ ಕೇಳುವಂತೆ ಗುರುಗಳು ಬಾಗಿಲಲ್ಲಿ ನಿಂತು, ಬೇವಿನ ಮರದತ್ತ ತಿರುಗಿ ಕರೆದರು:

“ಮಾಳಿಂಗಪ್ಪಾ, ಒಳಗ ಬಾ ತಮ್ಮಾ. ರೊಟ್ಟಿ ಆರಾಕತ್ತಾವ.”