ಮರೆತು ಬಂದ ಸಿವುಡು

“ಮರೆವು ಹತ್ತಿದವನು ಜನರ ಮುಂದೆ ಕೂರಬಹುದೆ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಶಾಸ್ತ್ರದಲ್ಲಿ ಬಂದ ಸಂದೇಹವೆಂಬಂತೆ ಕೇಳಿದ. ಆದರೆ ಆ ಬೆಳಗಿನ ಪಾಠದಲ್ಲಿ ಗುರುಗಳು ಎರಡು ಸಲ ಅರ್ಧ ವಾಕ್ಯಕ್ಕೇ ನಿಂತಿದ್ದರು, ಎರಡು ಸಲವೂ ಶಿಷ್ಯ “ಮುಂದೆ?” ಎಂದಿದ್ದ. ಹಿಂದೆ ಕುಳಿತವರು ಮುಸಿಮುಸಿ ನಕ್ಕಿದ್ದರು. ಗುರುಗಳ ನಂತರ ಆ ಪೀಠಕ್ಕೆ ಬರಬೇಕಾದವನು ಈ ಶಿಷ್ಯನೇ. ಪ್ರಶ್ನೆ ಯಾರನ್ನು ಕುರಿತದ್ದೆಂದು ಇಬ್ಬರಿಗೂ ಗೊತ್ತಿತ್ತು.

ಗುರುಗಳು ಬೇಸರಪಡಲಿಲ್ಲ. ಕತೆ ಹೇಳಲು ನೆಪ ಸಿಕ್ಕಿತೆಂದು ಅವರಿಗೆ ಖುಷಿಯೇ ಆದಂತಿತ್ತು.

“ಮೊದಲು ನೀನೊಂದು ಊಹೆ ಮಾಡು ನೋಡೋಣ,” ಎಂದರು. “ಒಬ್ಬ ರೈತ. ಎಪ್ಪತ್ತು ವರ್ಷ ಏನನ್ನೂ ಮರೆತವನಲ್ಲ. ಎಪ್ಪತ್ತೊಂದನೆಯ ವರ್ಷ, ತಾನು ಕೊಯ್ದು ಕಟ್ಟಿದ ಗೋದಿಯ ಸಿವುಡೊಂದನ್ನು ಹೊಲದಲ್ಲೇ ಮರೆತು ಮನೆಗೆ ಹೊರಟ. ಅದು ತಿಳಿದಾಗ ಏನು ಮಾಡಿದ?”

“ತಿರುಗಿ ಹೋಗಿ ತಂದಿರಬೇಕು.”

“ಇಲ್ಲ. ಊರಬಾಗಿಲಲ್ಲಿ ನಿಂತು ಅತ್ತ. ಯಾಕೆ ಅತ್ತ, ಕೇಳು.”

ಇಸ್ರಾಯೇಲರ ಬೆಟ್ಟದ ನಾಡಿನಲ್ಲಿ ಒಂದು ಊರು. ದೇವರು ಅವರ ಹಿರೀಕರೊಡನೆ ಮಾಡಿಕೊಂಡ ಒಡಂಬಡಿಕೆಯ ಸುರುಳಿ ಇದ್ದದ್ದು ಮೂರು ದಿನದ ದಾರಿಯಾಚೆಯ ದೇವಗುಡಾರದಲ್ಲಿ. ಊರಿನ ಪಾಲಿಗೆ ಇದ್ದದ್ದು ಒಬ್ಬ ಹಿರಿಯನ ನೆನಪು ಅಷ್ಟೆ. ವರ್ಷ ವರ್ಷವೂ ಗೋದಿಯ ಸುಗ್ಗಿ ಮುಗಿದ ಹಬ್ಬದ ದಿನ ಅವನು ಕೋಲು ಹಿಡಿದು ಊರಬಾಗಿಲಲ್ಲಿ ನಿಲ್ಲುತ್ತಿದ್ದ. ಕಟ್ಟಳೆಗಳನ್ನು ಒಂದೂ ಬಿಡದೆ ಹೇಳುತ್ತಿದ್ದ. ಒಂದೊಂದಕ್ಕೂ ಜನ “ಹಾಗೆಯೇ ಆಗಲಿ” ಎನ್ನುತ್ತಿದ್ದರು. ಒಂದು ಬಿಟ್ಟುಹೋದರೂ ಆ ವರ್ಷ ದೇವರಿಗೆ ಕೊಟ್ಟ ಮಾತು ಮುರಿದಂತೆ ಎಂದು ಅವರ ನಂಬಿಕೆ. ಹಾಗಾಗಿ ಕೋಲು ಹಿಡಿಯುವವನಿಗೆ ಬೇಕಾದ ಯೋಗ್ಯತೆ ಒಂದೇ: ಮರೆಯಬಾರದು.

ಈ ರೈತ ಮೂವತ್ತು ವರ್ಷ ಆ ಕೋಲು ಹಿಡಿದಿದ್ದ. ಯಾರ ಎತ್ತು ಯಾವ ವರ್ಷ ಯಾರ ಹೊಲಕ್ಕೆ ನುಗ್ಗಿತು, ಯಾರ ಅಜ್ಜ ಗಡಿಕಲ್ಲನ್ನು ಎರಡು ಗೇಣು ಸರಿಸಿದ, ಎಲ್ಲವೂ ಅವನ ತಲೆಯಲ್ಲಿತ್ತು. ಅವನ ಎದುರು ಸುಳ್ಳು ಹೇಳುವುದು ದಂಡ ಎಂದು ಊರಿನ ಸುಳ್ಳರೇ ಒಪ್ಪಿಕೊಂಡಿದ್ದರು.

ಬಾಯಲ್ಲಿ ಹೇಳಿದ್ದನ್ನು ಅವನು ಕೈಯಲ್ಲೂ ಮಾಡಿದ್ದ. ಹೊಲದ ಮೂಲೆಯನ್ನು ಬಡವರಿಗೆ ಬಿಡು ಎಂದಿತ್ತು, ಬಿಟ್ಟಿದ್ದ. ಉದುರಿದ ತೆನೆಯನ್ನು ಹೆಕ್ಕಬೇಡ ಎಂದಿತ್ತು, ಹೆಕ್ಕಿರಲಿಲ್ಲ. ಒಂದು ಕಟ್ಟಳೆ ಮಾತ್ರ ಅವನಿಗೆ ದಕ್ಕಿರಲಿಲ್ಲ. ಕೊಯ್ಲಿನಲ್ಲಿ ಸಿವುಡೊಂದನ್ನು ಮರೆತು ಬಂದರೆ ಅದಕ್ಕಾಗಿ ತಿರುಗಿ ಹೋಗಬಾರದು. ಅದು ಪರದೇಶಿಯದು, ತಬ್ಬಲಿಯದು, ವಿಧವೆಯದು. ವಿಚಿತ್ರ ಕಟ್ಟಳೆ ನೋಡು. ಬೇಕೆಂದು ಬಿಟ್ಟರೆ ಅದು ದಾನವಾದೀತು. ಮರೆತರೆ ಮಾತ್ರ ಪಾಲಿಸಿದಂತೆ. ಅವನಿಗೋ ಮರೆವೇ ಇಲ್ಲ.

ಒಂದು ಸುಗ್ಗಿಯಲ್ಲಿ ಅವನು ಊರಿನ ಮಹಾ ಮಾತುಗಾರನನ್ನು ಹೊಲಕ್ಕೆ ಕರೆದುಕೊಂಡು ಹೋದನಂತೆ, ಮಾತಿನಲ್ಲಿ ಮೈಮರೆತೇನು ಎಂಬ ಆಸೆಯಿಂದ. ಮಾತುಗಾರ ತನ್ನ ಮೂರು ಮದುವೆಗಳ ಕತೆಯನ್ನೂ ಹೇಳಿ ಮುಗಿಸಿದ. ರೈತನ ಕಣ್ಣು ಮಾತ್ರ ಸಿವುಡುಗಳ ಮೇಲೆಯೇ ಇತ್ತು. “ಮರೆಯಬೇಕು ಅನ್ನೋದನ್ನು ಮೊದಲು ಮರೆತುಬಿಡು ಮಹರಾಯ,” ಎಂದು ಗಂಟಲು ಒಣಗಿಸಿಕೊಂಡ ಆ ಮನುಷ್ಯ ಎದ್ದು ಹೋದ.

ಈ ಕೊರಗಿಗೆ ಹಳೆಯದೊಂದು ಬೇರಿತ್ತು. ರೈತನ ಅಪ್ಪ ಮರೆಗುಳಿ. ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲವೆಲ್ಲ ಹುಡುಕುವವನು. ಆದರೆ ಅವನು ಕಟ್ಟಿದ ಸಿವುಡು ಎಲ್ಲರದಂತಲ್ಲ. ಹುಲ್ಲಿನ ಹುರಿಯನ್ನು ಎರಡು ಸುತ್ತು ತಿರುಚಿ, ತುದಿಯನ್ನು ಒಳಕ್ಕೆ ಮಡಚಿ ಬಿಗಿಯುವ ಗಂಟು ಅವನದು. ಕೊಯ್ಯುವಾಗ ಹಾಡುತ್ತಿದ್ದ. ಹಾಡಿನ ಗುಂಗಿನಲ್ಲಿ ಸಿವುಡು ಬಿಟ್ಟು ಬರುತ್ತಿದ್ದ. ಅಮ್ಮ ಬೈದರೆ ನಗುತ್ತಿದ್ದ. ಆ ಸುಗ್ಗಿಗಳ ಬಿಸಿಲು, ಕಣದ ಹೊಟ್ಟಿನ ವಾಸನೆ, ಅಪ್ಪನ ಬೆನ್ನ ಬೆವರು, ಒಂದೂ ರೈತನ ನೆನಪಿನಿಂದ ಮಾಸಿರಲಿಲ್ಲ.

ಅವನಿಗೆ ಎಂಟು ವರ್ಷವಿದ್ದಾಗ ಒಂದು ಸಂಜೆ ಅಪ್ಪ ಹಾಗೆಯೇ ಒಂದು ಸಿವುಡು ಬಿಟ್ಟು ಹೊರಟ. ಇವನು ನೋಡಿದ. ಓಡಿ ಹೋಗಿ ತಲೆಯ ಮೇಲೆ ಹೊತ್ತು ತಂದ. ಶಹಭಾಸ್ ಎನ್ನುತ್ತಾನೆ ಎಂದು ಅಪ್ಪನ ಮುಖ ನೋಡಿದ. ಅಪ್ಪ ನೋಡುತ್ತಿದ್ದದ್ದು ಕಲ್ಲುಬೇಲಿಯ ಆಚೆಗೆ. ಅಲ್ಲಿ ಒಬ್ಬ ವಿಧವೆ, ಸೆರಗು ಒಡ್ಡಿಕೊಂಡು ಕಾದು ನಿಂತವಳು, ಸೆರಗು ಕೊಡವಿ ತಿರುಗಿ ನಡೆದಳು. ಅಪ್ಪ ಬೈಯಲಿಲ್ಲ. “ನಿನಗೆ ಎಲ್ಲ ಕಟ್ಟಳೆಯೂ ಬಂದೀತು ಮಗನೇ, ಇದೊಂದು ಬರಲಾರದು,” ಎಂದ. ಆ ಸಂಜೆ ಅವನು ಮತ್ತೆ ಹಾಡಲಿಲ್ಲ.

ಎಪ್ಪತ್ತು ದಾಟಿದ ಮೇಲೆ ರೈತನಿಗೆ ಮರೆವು ಬಂತು. ಬಂದದ್ದು ಕಟ್ಟಳೆಯ ದಾರಿಯಿಂದಲ್ಲ, ಮನೆಯ ದಾರಿಯಿಂದ. ಸೊಸೆಯನ್ನು ಸತ್ತ ಹೆಂಡತಿಯ ಹೆಸರು ಹಿಡಿದು ಕರೆದ. ಎಡದ ಚಪ್ಪಲಿಗೆ ಬಲಗಾಲು ತೂರಿಸಿದ. ಊರಬಾಗಿಲಲ್ಲಿ ಕೂರುವ ಹಿರಿಯರಿಗೆ ಸುದ್ದಿ ಮುಟ್ಟಿತು. ಹಬ್ಬಕ್ಕೆ ಮುಂಚೆ ಒಮ್ಮೆ ಹೇಳಿಸಿ ನೋಡುವುದು, ತಪ್ಪಿದರೆ ಕೋಲನ್ನು ಅವನ ತಂಗಿಯ ಮಗನಿಗೆ ಕೊಡುವುದು ಎಂದು ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಊರಿನಲ್ಲಿ ಗುಟ್ಟು ನಿಲ್ಲುವುದುಂಟೆ? ಅವನ ಕಿವಿಗೂ ಬಿತ್ತು.

ಅವನಿಗೆ ಹೆದರಿಕೆ ಹತ್ತಿತು. ಕೊಯ್ಲಿಗೆ ಹೋದಾಗಲೂ ಕಟ್ಟಳೆಗಳನ್ನೇ ಗುನುಗತೊಡಗಿದ. ಹಬ್ಬಕ್ಕೆ ಎರಡು ದಿನ ಉಳಿದಿತ್ತು. ಆ ದಿನ ಕೊನೆಯ ಸಾಲು ಕೊಯ್ಯುವಾಗ “ನೀನು ಹೊಲ ಕೊಯ್ಯುವಾಗ” ಎಂಬಲ್ಲಿಗೆ ಬಂದು ನಿಂತ. ಮುಂದಿನದು ಬರಲಿಲ್ಲ. ಬೇರೆಲ್ಲ ಇತ್ತು, ಅದೊಂದು ಜಾಗದಲ್ಲಿ ತೂತು. ಅಂಜೂರದ ಮರದ ಬುಡದಲ್ಲಿ ಕಡೆಯ ಸಿವುಡನ್ನು ಕೈ ತಾನಾಗಿ ಕಟ್ಟಿತು. ಉಳಿದವನ್ನು ಕತ್ತೆಯ ಮೇಲೆ ಹೇರಿ, ಕಳೆದ ಮಾತನ್ನೇ ಹುಡುಕುತ್ತ ಅದರ ಹಿಂದೆ ನಡೆದ.

ಊರಬಾಗಿಲಲ್ಲಿ ಹಿರಿಯರು ಕುಳಿತಿದ್ದರು. ಕೂರಿಸಿ ನೀರು ಕೊಟ್ಟರು. ಹಬ್ಬ ಬಂತಲ್ಲ, ಒಮ್ಮೆ ಹೇಳಿಬಿಡು, ನಾವೂ ಕೇಳುತ್ತೇವೆ ಎಂದರು. ಅವನು ಎದ್ದು ಕೋಲು ಹಿಡಿದು ಹೇಳಿದ. ಸರಾಗವಾಗಿ ಸಾಗಿತು. “ನೀನು ಹೊಲ ಕೊಯ್ಯುವಾಗ” ಎಂದ. ನಿಂತ.

ತಂಗಿಯ ಮಗ ತಲೆ ತಗ್ಗಿಸಿ, “ಮುಂದೆ, ಮಾವ?” ಎಂದ.

ಆ ಹೊತ್ತಿಗೆ ಬಾಗಿಲಿನಿಂದ ಒಬ್ಬ ಹೆಂಗಸು ಒಳಗೆ ಬಂದಳು. ಪರದೇಶದವಳು, ಗಂಡ ಸತ್ತವಳು. ತಲೆಯ ಮೇಲೆ ಒಂದು ತುಂಬು ಸಿವುಡು. ಹಿರಿಯರಲ್ಲೊಬ್ಬ ತಡೆದು ನಿಲ್ಲಿಸಿದ. ಹೆಕ್ಕಿದ ತೆನೆ ಹೀಗಿರುವುದಿಲ್ಲ, ಯಾರ ಹೊಲದಿಂದ ಎತ್ತಿದೆ ಎಂದು ಗದರಿದ.

“ಎತ್ತಿದ್ದಲ್ಲ ಸ್ವಾಮಿ. ಅಂಜೂರದ ಮರದ ಬುಡದಲ್ಲಿತ್ತು,” ಎಂದಳು ಅವಳು. “ಯಾರೋ ಪುಣ್ಯಾತ್ಮರು ಮರೆತು ಹೋಗಿದ್ದಾರೆ.”

ರೈತ ಸಿವುಡಿನ ಕಡೆಗೆ ನೋಡಿದ. ಎರಡು ಸುತ್ತಿನ ಹುರಿ, ಒಳಕ್ಕೆ ಮಡಚಿದ ತುದಿ. ಅಪ್ಪ ಸತ್ತ ಮೇಲೆ ಆ ಗಂಟು ಬರುತ್ತಿದ್ದದ್ದು ಆ ಊರಿನಲ್ಲಿ ಒಂದೇ ಜೋಡಿ ಕೈಗೆ. ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಅತ್ತ. ಅಳುತ್ತಲೇ ಅಪ್ಪನ ಹಾಡಿನ ಒಂದು ಸಾಲು ಹಾಡಿದ.

“ಮುಂದಿನ ಕಟ್ಟಳೆಯನ್ನು ಈಕೆ ಹೊತ್ತು ತಂದಿದ್ದಾಳೆ, ದಾರಿ ಬಿಡಿ,” ಎಂದು ಹೇಳಿ, ಕೋಲನ್ನು ತಂಗಿಯ ಮಗನ ಮುಂದೆ ಚಾಚಿದ.

ತಂಗಿಯ ಮಗ ಅದನ್ನು ಮುಟ್ಟಲಿಲ್ಲ. ಹಬ್ಬದ ದಿನ ಕಟ್ಟಳೆಗಳನ್ನು ಹೇಳಿದವನು ಅವನು. ಪಕ್ಕದಲ್ಲಿ ಕೋಲು ಹಿಡಿದು ನಿಂತವನು ಮಾವ. “ನೀನು ಹೊಲ ಕೊಯ್ಯುವಾಗ” ಎಂಬಲ್ಲಿ ಅವನು ಬೇಕೆಂದೇ ನಿಲ್ಲಿಸಿ ಮಾವನ ಕಡೆ ನೋಡಿದ. ಆ ಕಟ್ಟಳೆಯ ಬದಲಿಗೆ ಮಾವ, ತಾನು ಸಿವುಡು ಮರೆತ ದಿನ ಯಾವುದೆಂದು ಹೇಳಿದ. ಆಗ ಜನ “ಹಾಗೆಯೇ ಆಗಲಿ” ಎಂದರು. ಆಮೇಲೆ ಒಂಬತ್ತು ವರ್ಷ ಹೀಗೆಯೇ ನಡೆಯಿತು. ಕೊನೆಗೆ ರೈತನಿಗೆ ಸೊಸೆ ಯಾರೆಂದು ತಿಳಿಯುತ್ತಿರಲಿಲ್ಲ, ತನ್ನ ಊರು ಯಾವುದೆಂದೂ ತಿಳಿಯುತ್ತಿರಲಿಲ್ಲ. ಆ ದಿನವನ್ನು ಮಾತ್ರ ಕೇಳಿದೊಡನೆ ಹೇಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, ಏನಾದರೂ ಕೇಳಲೇಬೇಕಲ್ಲ ಎಂದು, ಆ ರೈತನ ಹೆಸರೇನು ಎಂದು ಕೇಳಿದ.

ಗುರುಗಳು ಬಾಯಿ ತೆರೆದರು. ತೆರೆದ ಬಾಯಿ ಹಾಗೆಯೇ ನಿಂತಿತು. ಶಿಷ್ಯ ಈ ಸಲ “ಮುಂದೆ?” ಎನ್ನಲಿಲ್ಲ. ಕಾದ. ಗುರುಗಳ ಮುಖದಲ್ಲಿ ನಿಧಾನವಾಗಿ ನಗು ಮೂಡಿತು.

“ಹೆಸರು ಮರೆತೆ ಕಣಪ್ಪ, ದಿನ ನೆನಪಿದೆ, ಮೂರನೆಯ ತಿಂಗಳಿನ ನಾಲ್ಕನೆಯ ದಿನ.”