ಕಿರುನಾಲಿಗೆಯ ಕಚೇರಿ

ಗುದ್ಲೆಪ್ಪನವರ ಗಂಟಲ ಬಾಗಿಲಲ್ಲಿ ಜೋತಾಡುತ್ತಿದ್ದ ಕಿರುನಾಲಿಗೆಗೆ ತನ್ನ ಹೆಸರಿನ ಮೇಲೆ ಭಾರೀ ಹೆಮ್ಮೆ. ಹೆಸರಲ್ಲಿ ನಾಲಿಗೆ ಇದ್ದ ಮೇಲೆ ತಾನೂ ನಾಲಿಗೆಯೇ, ಅವಕಾಶ ಸಿಕ್ಕಿಲ್ಲ ಅಷ್ಟೆ ಎಂದುಕೊಂಡು, ನಾಲಿಗೆಯನ್ನು ಅಣ್ಣ ಎಂದೇ ಕರೆಯುತ್ತಿತ್ತು. ನಾಲಿಗೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಒಂದು ಮಧ್ಯಾಹ್ನ ಗುದ್ಲೆಪ್ಪನವರು ಹೋಳಿಗೆ ಊಟ ಮುಗಿಸಿ ಅಂಗಾತ ಮಲಗಿದರು. ನಾಲಿಗೆ ಮೈಮರೆತು ಹಿಂದಕ್ಕೆ ಜಾರಿತು. ದಾರಿ ಇಕ್ಕಟ್ಟಾಯಿತು. ನುಸುಳಿ ಬಂದ ಉಸಿರಿಗೆ ಕಿರುನಾಲಿಗೆ ಪಟಪಟನೆ ಅದುರಿ, ಗೊರಕೆ ಹೊರಟಿತು.

"ಕೇಳಿದೆಯಾ ನನ್ನ ಹಾಡು?" ಎಂದಿತು ಕಿರುನಾಲಿಗೆ.

"ಹಾಡು ಆಮೇಲಾಗಲಿ ಮಾರಾಯ, ಮೊದಲು ದಾರಿ ಬಿಡು. ಒಳಗೆ ಎದೆ ನನಗಾಗಿ ಕಾಯುತ್ತಿದೆ" ಎಂದಿತು ಉಸಿರು.

"ಕಚೇರಿಯ ನಡುವೆ ಓಡಾಡುವುದು ಸಭ್ಯರ ಲಕ್ಷಣವಲ್ಲ. ಹೊರಗೆ ನನ್ನನ್ನು ಹೊಗಳುತ್ತಿದ್ದಾರೆ, ಕೇಳು."

ಹೊರಗೆ ಹೆಂಡತಿ ನೀಲವ್ವ ನೆರೆಯವಳಿಗೆ ಹೇಳುತ್ತಿದ್ದಳು: "ನಮ್ಮ ಮನಿಯವ್ರ ನಿದ್ದಿ ಅಂದ್ರ ನಿದ್ದಿ ನೋಡ್ರಿ! ಪುಣ್ಯವಂತರು."

ಕಿರುನಾಲಿಗೆ ಉಬ್ಬಿತು. ಉಬ್ಬಿ ನಾಲಿಗೆಯ ಬೆನ್ನಿಗೆ ಅಂಟಿಕೊಂಡಿತು. ದಾರಿ ಪೂರ್ತಿ ಮುಚ್ಚಿ ಹಾಡು ನಿಂತಿತು. ಎದೆ ಗಾಳಿಯಿಲ್ಲದೆ ಒದ್ದಾಡಿತು. ಗುದ್ಲೆಪ್ಪನವರ ತುಟಿ ಕಪ್ಪಿಟ್ಟಿತು. ಕಿರುನಾಲಿಗೆ ಮಾತ್ರ ಚಪ್ಪಾಳೆಗಾಗಿ ಕಾದಿತ್ತು.

"ಈಗ ನೋಡ್ರಿ, ಎಷ್ಟ ಶಾಂತ ಮಲಗ್ಯಾರ" ಎಂದಳು ನೀಲವ್ವ.

ಅಷ್ಟರಲ್ಲಿ ಗುದ್ಲೆಪ್ಪನವರು ಹೌಹಾರಿ ಎದ್ದು ಕೂತರು. ನಾಲಿಗೆ ಮುಂದಕ್ಕೆ ಸರಿಯಿತು. ಉಸಿರು ಕಿರುನಾಲಿಗೆಯನ್ನು ತಳ್ಳಿಕೊಂಡು ಒಳಗೆ ನುಗ್ಗಿತು. ಅಣ್ಣ ಈಗಲಾದರೂ ಮೆಚ್ಚಿ ಒಂದು ಮಾತಾಡುವನೆಂದು ಕಿರುನಾಲಿಗೆ ಕಿವಿಗೊಟ್ಟಿತು.

ಕೆಮ್ಮಿನ ನಡುವೆ ನಾಲಿಗೆ ಹೇಳಿತು: "ಥೂ! ಗಂಟಲದಾಗ ಏನೋ ಕಸ ಸಿಕ್ಕಿತ್ತು."