ಕೆಂಪು ಸೂಚನೆಯೂ ಮೌಸಿನ ಬಾಣವೂ

ವಾರಿಜಾ ತನ್ನ ಅಡುಗೆ ಬ್ಲಾಗಿಗೆ ಮಿಡಿ ಉಪ್ಪಿನಕಾಯಿಯ ಬರಹ ಹಾಕಹೋದಾಗಲೆಲ್ಲ ಪರದೆಯ ಮೇಲೆ ಕೆಂಪು ಸೂಚನೆಯೊಂದು ಎದ್ದು ನಿಲ್ಲುತ್ತಿತ್ತು. ಅವಳು ಓದುವ ಮೊದಲೇ ಮೌಸಿನ ಬಾಣ ಹಾರಿಬಂದು ಅದನ್ನು ಮುಚ್ಚಿಬಿಡುತ್ತಿತ್ತು. ಮಾವಿನಮಿಡಿಯ ಕಾಲ ಮುಗಿಯುತ್ತ ಬಂದರೂ ಬರಹ ಬ್ಲಾಗಿಗೆ ಏರಲಿಲ್ಲ.

"ಎಷ್ಟು ಅಟ್ಟಿದರೂ ಬರುತ್ತೀಯಲ್ಲ, ನಾಚಿಕೆ ಇಲ್ಲವೇ?" ಎಂದಿತು ಬಾಣ.

"ಹೇಳಬೇಕಾದ್ದನ್ನು ಹೇಳದೆ ನಾನು ಹೋಗುವುದಿಲ್ಲ" ಎಂದಿತು ಸೂಚನೆ.

ಬೇಸತ್ತ ವಾರಿಜಾ ಈ ಸಲ ಮೌಸಿನಿಂದ ಕೈ ತೆಗೆದಳು. ಬಾಣ ನಿಂತಲ್ಲೇ ನಿಂತಿತು. ಅವಳು ಸೂಚನೆಯನ್ನು ಓದಿದಳು: 'ಜಾಗ ತುಂಬಿದೆ. ಬೇಡವಾದ ಚಿತ್ರಗಳನ್ನು ಅಳಿಸಿ.'

"ಅಯ್ಯೋ, ಇಷ್ಟೇನಾ!" ಎಂದು ಅಳಿಸಿದಳು. ಬರಹ ಏರಿತು. ಹೇಳುವುದು ಮುಗಿದಿದ್ದರಿಂದ ಸೂಚನೆ ಮತ್ತೆ ಬರಲಿಲ್ಲ.

"ನೋಡಿದೆಯಾ? ಕೊನೆಗೂ ಓಡಿಸಿಬಿಟ್ಟೆ!" ಎಂದು ಬಾಣ ಕೀಬೋರ್ಡಿನ ಮುಂದೆ ಎದೆಯುಬ್ಬಿಸಿತು.